ಬೆಂಬಲ ಇಲ್ಲದ ರೂಟರ್‌ಗೆ ಲಿನಕ್ಸ್ ಪೋರ್ಟ್ ಮಾಡುವ ಬಗೆ: ಫ್ಲ್ಯಾಶ್‌ಗೆ ಕೈ ಹಾಕುವುದು ಕೊನೆಗೆ

ಪೋರ್ಟ್ ಮಾಡುವುದು, ಅಂದರೆ ಬೆಂಬಲ ಇಲ್ಲದ ಸಾಧನದಲ್ಲಿ ಲಿನಕ್ಸ್ ಓಡುವಂತೆ ಮಾಡುವುದು, ಅಂದ ತಕ್ಷಣ ಕರ್ನಲ್ (ಲಿನಕ್ಸ್‌ನ ತಿರುಳು) ಕೋಡ್ ಬರೆಯಬೇಕೇನೋ ಅಂದುಕೊಂಡು ಎಷ್ಟೋ ಜನ ಹಿಂದೆ ಸರಿಯುತ್ತಾರೆ. ನಾನು ಮಾಡಿರುವ ಬಹುಪಾಲು ಪೋರ್ಟ್‌ಗಳಲ್ಲಿ ಹೊಸ ಸಿ ಕೋಡ್ ಒಂದು ಸಾಲೂ ಇಲ್ಲ. ಒಂದು ಡಿವೈಸ್ ಟ್ರೀ ಫೈಲ್ (ಬೋರ್ಡ್ ಮೇಲೆ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ವಿವರ), ಇಮೇಜ್ (ಸಾಧನದಲ್ಲಿ ಓಡಿಸುವ ಫೈಲ್) ಕಟ್ಟಲು ಒಂದಷ್ಟು ಸಾಲು, ನೆಟ್‌ವರ್ಕ್ ಪೋರ್ಟ್ ಮತ್ತು ಎಲ್‌ಇಡಿಗಳ ವಿವರ, ಅಷ್ಟೇ. ಆ ಫೈಲ್ ಬರೆಯುವುದು ಒಂದು ಸಂಜೆಯ ಕೆಲಸ. ಅದರಲ್ಲಿ ಏನು ಬರೆಯಬೇಕು ಅನ್ನುವುದನ್ನು ಸಾಧನದಿಂದಲೇ ಕೇಳಿ ತಿಳಿಯುವುದರಲ್ಲಿ ಉಳಿದ ಸಮಯವೆಲ್ಲ ಹೋಗುತ್ತದೆ. ನನಗೆ ಇಷ್ಟವಾಗುವುದೂ ಆ ಭಾಗವೇ.

ನಾನು ಎರಡು ನಿಯಮ ಇಟ್ಟುಕೊಂಡಿದ್ದೇನೆ. ಸೀರಿಯಲ್ ಕನ್ಸೋಲ್ (ಬೋರ್ಡ್‌ನ ಸಂದೇಶ ಓದಿ, ಅದಕ್ಕೆ ಕಮಾಂಡ್ ಕೊಡುವ ವೈರ್ ದಾರಿ) ಸಿಗುವ ತನಕ ಬೇರೇನೂ ಶುರು ಮಾಡುವುದಿಲ್ಲ. ಹೊಸ ಕರ್ನಲ್ ರ‍್ಯಾಮ್‌ನಿಂದ ಪೂರ್ತಿ ಬೂಟ್ ಆಗುವ ತನಕ ಫ್ಲ್ಯಾಶ್‌ಗೆ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಒಂದು ಬೈಟ್ ಕೂಡ ಬರೆಯುವುದಿಲ್ಲ. ಈ ಎರಡನ್ನು ಪಾಲಿಸಿದರೆ ಸಾಧನ ಕೈಕೊಡುವ ಸಂಭವ ತುಂಬಾ ಕಡಿಮೆ. ಕರೆಂಟ್ ತೆಗೆದು ಹಾಕಿದರೆ ಹಳೆಯ ಫರ್ಮ್‌ವೇರ್ (ತಯಾರಕರು ಹಾಕಿದ ಸಾಫ್ಟ್‌ವೇರ್) ಮತ್ತೆ ಎದ್ದು ಕೂರುತ್ತದೆ, ನೀವು ಮತ್ತೆ ಮೊದಲಿಂದ ನೋಡಬಹುದು.

ಇಲ್ಲಿ ಉದಾಹರಣೆಗೆ ಮೀಡಿಯಾಟೆಕ್‌ನ ಎಂಟಿ7628 ಚಿಪ್ ಇರುವ ಒಂದು ರೂಟರ್ ಇಟ್ಟುಕೊಳ್ಳುತ್ತೇನೆ. 580 ಮೆಗಾಹರ್ಟ್ಸ್‌ನ ಮಿಪ್ಸ್ ಪ್ರೊಸೆಸರ್, 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್. ಹಾಕುವುದು ಓಪನ್‌ವರ್ಟ್, ರೂಟರ್‌ಗಳಿಗೆಂದೇ ಇರುವ ಲಿನಕ್ಸ್.

ಯಾವ ಸಾಧನ ಆರಿಸಬೇಕು

ಮೊದಲ ಪೋರ್ಟ್‌ಗೆ ಚಿಪ್‌ಗೆ ಬೆಂಬಲ ಇರುವ, ಬೋರ್ಡ್‌ಗೆ ಮಾತ್ರ ಬೆಂಬಲ ಇಲ್ಲದ ಸಾಧನ ಹುಡುಕಿ. ಅಂದರೆ ಒಳಗಿನ ಮುಖ್ಯ ಚಿಪ್ ಮೇಲೆ ಓಪನ್‌ವರ್ಟ್ ಆಗಲೇ ಬೇರೆ ಹತ್ತಾರು ರೂಟರ್‌ಗಳಲ್ಲಿ ಓಡುತ್ತಿರಬೇಕು, ನಿಮ್ಮ ಮಾದರಿಯ ಹೆಸರು ಮಾತ್ರ ಪಟ್ಟಿಯಲ್ಲಿ ಇರಬಾರದು. ಎಂಟಿ7628, ಎಂಟಿ7621, ಕ್ವಾಲ್ಕಾಮ್ ಅಥೆರೋಸ್‌ನ ಹಳೆಯ ಮಿಪ್ಸ್ ಚಿಪ್‌ಗಳು ಈ ಲೆಕ್ಕಕ್ಕೆ ಸೇರುತ್ತವೆ. ಬ್ರಾಡ್‌ಕಾಮ್ ವೈಫೈ ಇರುವ ರೂಟರ್‌ಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಅವುಗಳ ವೈಫೈಗೆ ಒಳ್ಳೆಯ ಓಪನ್ ಡ್ರೈವರ್ ಸಿಗುವುದು ಕಷ್ಟ. ಸಹಿ ಮಾಡಿದ ಫರ್ಮ್‌ವೇರ್ ಬಿಟ್ಟು ಬೇರೆ ಯಾವುದನ್ನೂ ಓಡಿಸದ ಬೂಟ್‌ಲೋಡರ್ (ಆನ್ ಆದಾಗ ಕರ್ನಲನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಇದ್ದರೂ ಅಷ್ಟೇ, ಮೊದಲ ಸಲಕ್ಕೆ ಬೇಡ.

ಈ ಹವ್ಯಾಸಕ್ಕೆ ದಾರಿ ಮಾಡಿಕೊಟ್ಟದ್ದು ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ. 2002ರ ಕೊನೆಯಲ್ಲಿ ಬಂದ ಆ ರೂಟರ್‌ನಲ್ಲಿ ಲಿನಕ್ಸ್ ಇದೆ ಅಂತ ಗೊತ್ತಾಗಿ, ಜಿಪಿಎಲ್ ಲೈಸೆನ್ಸ್ ಪ್ರಕಾರ ಸೋರ್ಸ್ ಕೊಡಿ ಅಂತ ಜನ ಕೇಳಿದರು. 2003ರಲ್ಲಿ ಕೋಡ್ ಹೊರಗೆ ಬಂತು, 2004ರಲ್ಲಿ ಓಪನ್‌ವರ್ಟ್ ಶುರುವಾಯಿತು. ಆ ಹಕ್ಕು ಇವತ್ತಿಗೂ ನಿಮ್ಮದೇ. ರೂಟರ್‌ನಲ್ಲಿ ಲಿನಕ್ಸ್ ಕರ್ನಲ್ ಇದ್ದರೆ ಅದರ ಸೋರ್ಸ್ ಕೊಡಿ ಅಂತ ತಯಾರಕರಿಗೆ ಮರ್ಯಾದೆಯಿಂದ ಒಂದು ಇಮೇಲ್ ಹಾಕಿ. ಬಂದರೆ ಎಲ್‌ಇಡಿ ಪಿನ್‌ಗಳ ಸಂಖ್ಯೆ, ಫ್ಲ್ಯಾಶ್ ವಿಂಗಡಣೆ (ಪಾರ್ಟಿಶನ್‌ಗಳು) ಎಲ್ಲ ಅದರಲ್ಲೇ ಸಿಗುತ್ತವೆ. ಉತ್ತರಕ್ಕಾಗಿ ಕಾಯುತ್ತಾ ಮಾತ್ರ ಕೂರಬೇಡಿ.

ಮೆಮೊರಿ ವಿಷಯದಲ್ಲಿ ಮುಲಾಜು ಬೇಡ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್ ಇರುವ ಹಳೆಯ ಪುಟ್ಟ ರೂಟರ್‌ಗಳಿಗೆ ಓಪನ್‌ವರ್ಟ್ 19.07 ಆವೃತ್ತಿಯೇ ಕೊನೆ. ಇವತ್ತು ಹೊಸದಾಗಿ ಕೆಲಸ ಶುರು ಮಾಡುವವರು 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್‌ಗಿಂತ ಕೆಳಗೆ ಇಳಿಯಬಾರದು ಅನ್ನುವುದು ನನ್ನ ಅಭಿಪ್ರಾಯ. ಜಾಗಕ್ಕೆ ಹೋರಾಡುವುದರಲ್ಲೇ ಉತ್ಸಾಹ ಮುಗಿದುಹೋಗುತ್ತದೆ.

ಕೊಳ್ಳುವ ಮುಂಚೆಯೇ ಚಿಪ್ ಯಾವುದು ಅಂತ ನೋಡಬೇಕಾ? ಸಾಧನದ ಹಿಂದೆ ಎಫ್‌ಸಿಸಿ ಐಡಿ ಇದ್ದರೆ ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ದಾಖಲೆಗಳಲ್ಲಿ ಒಳಗಿನ ಬೋರ್ಡ್‌ನ ಫೋಟೋಗಳು ಎಷ್ಟೋ ಸಲ ಸಿಗುತ್ತವೆ. ಸೀರಿಯಲ್ ಪಿನ್‌ಗಳ ಜಾಗವೂ ಅದರಲ್ಲೇ ಕಾಣಿಸಬಹುದು.

ಸೀರಿಯಲ್ ಪಿನ್ ಹುಡುಕುವುದು

ಬೇಕಾದ ಸಾಮಾನು ಕಡಿಮೆ. ಒಂದು ಮಲ್ಟಿಮೀಟರ್, ಒಂದು ಯುಎಸ್‌ಬಿ ಟಿಟಿಎಲ್ ಸೀರಿಯಲ್ ಅಡಾಪ್ಟರ್, ಮೂರು ಜಂಪರ್ ವೈರ್, ಬೇಕಾದರೆ ಬೆಸುಗೆ ಕಡ್ಡಿ. ಅಡಾಪ್ಟರ್ 3.3 ವೋಲ್ಟ್‌ಗೆ ಇದೆಯಾ ಅಂತ ಮೊದಲು ಅಳೆದು ನೋಡಿ. ಹಳೆಯ ಕಂಪ್ಯೂಟರ್‌ಗಳ ಒಂಬತ್ತು ಪಿನ್ನಿನ ಆರ್‌ಎಸ್-232 ಕೇಬಲ್ ನೇರವಾಗಿ ಹಾಕಿದರೆ ಚಿಪ್ ಸುಡುತ್ತದೆ, ಅದರ ವೋಲ್ಟೇಜ್ ಪ್ಲಸ್ಸು ಮೈನಸ್ಸು ಎರಡೂ ಕಡೆ ಬಹಳ ದೂರ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ. ಗೋಡೆಯ ಸಾಕೆಟ್‌ಗೆ ನೇರವಾಗಿ ಚುಚ್ಚುವ ವೈಫೈ ಎಕ್ಸ್‌ಟೆಂಡರ್‌ಗಳ ಒಳಗೇ ಮೇನ್ಸ್ ಕರೆಂಟ್ ಇರುತ್ತದೆ. ಅವನ್ನು ಬಿಚ್ಚಿಟ್ಟುಕೊಂಡು ಸಾಕೆಟ್‌ಗೆ ಹಾಕಲೇಬೇಡಿ. ಹೊರಗೆ ಅಡಾಪ್ಟರ್ ಇರುವ ಸಾಧನವನ್ನೇ ಆರಿಸಿ.

ಬೋರ್ಡ್ ಮೇಲೆ ಸಾಲಾಗಿ ನಾಲ್ಕು ತೂತು ಅಥವಾ ನಾಲ್ಕು ಪ್ಯಾಡ್ ಕಂಡರೆ ಅದೇ ಇರಬಹುದು ಅಂದುಕೊಳ್ಳಿ. ಕರೆಂಟ್ ತೆಗೆದು, ಮಲ್ಟಿಮೀಟರನ್ನು ಬೀಪ್ ಮೋಡ್‌ಗೆ ಇಟ್ಟು, ಒಂದು ಕಡ್ಡಿಯನ್ನು ಈಥರ್ನೆಟ್ ಸಾಕೆಟ್‌ನ ಲೋಹದ ಕವಚಕ್ಕೋ ಪವರ್ ಜ್ಯಾಕ್‌ನ ಹೊರ ಭಾಗಕ್ಕೋ ಮುಟ್ಟಿಸಿ. ನಾಲ್ಕರಲ್ಲಿ ಬೀಪ್ ಅನ್ನುವುದು ಗ್ರೌಂಡ್. ಈಗ ಕರೆಂಟ್ ಕೊಟ್ಟು ಡಿಸಿ ವೋಲ್ಟೇಜ್ ನೋಡಿ. ಅಲುಗಾಡದೆ 3.3 ತೋರಿಸುವುದು ಪವರ್ ಪಿನ್, ಅದಕ್ಕೆ ಏನೂ ಜೋಡಿಸಬೇಡಿ. ಆನ್ ಆದ ಮೊದಲ ಕೆಲವು ಸೆಕೆಂಡು ಮೀಟರ್ ಅಂಕಿ ಕುಣಿದು, ಆಮೇಲೆ 3.3ರ ಹತ್ತಿರ ನಿಂತರೆ ಅದು ಟಿಎಕ್ಸ್, ಬೋರ್ಡ್ ಮಾತಾಡುವ ಪಿನ್. ಬೂಟ್ ಸಂದೇಶಗಳು ಹೊರಗೆ ಹೋಗುತ್ತಿರುವಾಗ ವೋಲ್ಟೇಜ್ ಸರಾಸರಿ ಕೆಳಗೆ ಇಳಿಯುತ್ತದೆ, ಅದಕ್ಕೇ ಆ ಕುಣಿತ. ಉಳಿದದ್ದು ಆರ್‌ಎಕ್ಸ್, ಅದು ಕೇಳಿಸಿಕೊಳ್ಳುವ ಪಿನ್.

ಗ್ರೌಂಡ್‌ಗೆ ಗ್ರೌಂಡ್, ಬೋರ್ಡ್‌ನ ಟಿಎಕ್ಸ್‌ಗೆ ಅಡಾಪ್ಟರ್‌ನ ಆರ್‌ಎಕ್ಸ್, ಆಮೇಲೆ ತಿರುಗಾ ಮುರುಗಾ. ಓದುವುದು ಸರಿಯಾಗಿ ಆಗಿ, ನೀವು ಟೈಪ್ ಮಾಡಿದ್ದು ಮಾತ್ರ ಹೋಗದಿದ್ದರೆ ಆರ್‌ಎಕ್ಸ್ ದಾರಿಯಲ್ಲಿ ಒಂದು ಪುಟ್ಟ ರೆಸಿಸ್ಟರ್ ಕೂರಿಸದೆ ಖಾಲಿ ಬಿಟ್ಟಿದ್ದಾರಾ ಅಂತ ಭೂತಗನ್ನಡಿ ಹಿಡಿದು ನೋಡಿ. ಕೆಲವು ತಯಾರಕರು ಹಾಗೆ ಮಾಡುತ್ತಾರೆ. ಆ ಎರಡು ಪ್ಯಾಡ್‌ಗಳ ನಡುವೆ ಬೆಸುಗೆಯ ಒಂದು ಹನಿ ಸಾಕು.

ವೇಗದ (ಸೆಕೆಂಡಿಗೆ ಎಷ್ಟು ಬಿಟ್) ಬಗ್ಗೆ: ಅಥೆರೋಸ್ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ 115200. ಮೀಡಿಯಾಟೆಕ್‌ನ ಈ ಚಿಪ್‌ಗಳಲ್ಲಿ ಹೆಚ್ಚಾಗಿ 57600. ರಾಕ್‌ಚಿಪ್ ಬೋರ್ಡ್‌ಗಳಲ್ಲಿ 1500000, ಅಷ್ಟು ವೇಗ ಸಿಪಿ2102 ಅಡಾಪ್ಟರ್‌ಗೆ ಆಗುವುದಿಲ್ಲ, ಎಫ್‌ಟಿ232ಆರ್‌ನಂಥದ್ದು ಬೇಕು. ಪರದೆ ಮೇಲೆ ಚಿತ್ರವಿಚಿತ್ರ ಅಕ್ಷರ ಬಂದರೆ ಬೇಜಾರು ಬೇಡ, ವೈರ್ ಸರಿಯಾಗಿದೆ, ವೇಗ ಮಾತ್ರ ಬದಲಿಸಬೇಕು ಅಂತ ಅರ್ಥ.

ಬಂದ ಮೊದಲ ಲಾಗನ್ನು ಪೂರ್ತಿ ಫೈಲ್‌ಗೆ ಉಳಿಸಿಕೊಳ್ಳಿ. ಹಳೆಯ ಫರ್ಮ್‌ವೇರ್‌ನ ಆ ಲಾಗ್‌ನಲ್ಲಿ ರ‍್ಯಾಮ್ ಗಾತ್ರ, ಫ್ಲ್ಯಾಶ್ ಚಿಪ್, ವಿಂಗಡಣೆಯ ಪಟ್ಟಿ, ಕರ್ನಲ್ ಕೂರುವ ವಿಳಾಸ ಎಲ್ಲ ಇರುತ್ತದೆ. ಫ್ಲ್ಯಾಶ್ ಚಿಪ್‌ನ ಗುರುತು ಮೂರು ಬೈಟ್‌ಗಳಲ್ಲಿ ಬರುತ್ತದೆ, ಉದಾಹರಣೆಗೆ ವಿನ್‌ಬಾಂಡ್‌ನದ್ದು ಇಎಫ್ 40 18. ಕೊನೆಯ 18 ಹದಿನಾರರ ಲೆಕ್ಕದ್ದು (ಹೆಕ್ಸ್), ನಮ್ಮ ಲೆಕ್ಕಕ್ಕೆ 24. ಎರಡರ 24ನೇ ಘಾತ ಅಂದರೆ 16 ಎಂಬಿ. ಡಬ್ಬದ ಮೇಲೆ ಏನೇ ಬರೆದಿರಲಿ, ನಾನು ನಂಬುವುದು ಈ ಬೈಟನ್ನು.

ಬೂಟ್‌ಲೋಡರ್ ಜೊತೆ ಮಾತು

ಬಹಳಷ್ಟು ರೂಟರ್‌ಗಳಲ್ಲಿ ಇರುವುದು ಯು-ಬೂಟ್ ಅನ್ನುವ ಬೂಟ್‌ಲೋಡರ್. ಆನ್ ಆದ ಮೊದಲ ಕೆಲವು ಸೆಕೆಂಡಿನಲ್ಲಿ ಕೀ ಒತ್ತಿದರೆ ಅದು ನಿಲ್ಲುತ್ತದೆ. ಮೀಡಿಯಾಟೆಕ್‌ನ ಹಳೆಯ ಯು-ಬೂಟ್ ಒಂದು ಮೆನು ತೋರಿಸುತ್ತದೆ. ಅದನ್ನು ಒಂದು ಸಲ ನಿಧಾನವಾಗಿ ಓದಿ, ಅವಸರ ಬೇಡ. 1 ಒತ್ತಿದರೆ ನೆಟ್‌ವರ್ಕ್‌ನಿಂದ ಇಮೇಜ್ ತಂದು ರ‍್ಯಾಮ್‌ನಿಂದ ಓಡಿಸುತ್ತದೆ. 2 ಒತ್ತಿದರೆ ತಂದು ಫ್ಲ್ಯಾಶ್‌ಗೆ ಬರೆಯುತ್ತದೆ. 3 ಮಾಮೂಲಿ ಬೂಟ್. 4 ಕಮಾಂಡ್ ಲೈನ್. 9 ಒತ್ತಿದರೆ ಬೂಟ್‌ಲೋಡರನ್ನೇ ಅಳಿಸಿ ಹೊಸದು ಬರೆಯುತ್ತದೆ. ನಮಗೆ ಬೇಕಾದದ್ದು 1 ಮತ್ತು 4 ಮಾತ್ರ. 9ರ ಹತ್ತಿರ ಹೋಗಲೇಬೇಡಿ, ಬೂಟ್‌ಲೋಡರ್ ಹೋದರೆ ಚಿಪ್‌ಗೆ ಕ್ಲಿಪ್ ಹಾಕಿ ಹೊರಗಿನಿಂದ ಬರೆಯಬೇಕಾಗುತ್ತದೆ.

ಕಂಪ್ಯೂಟರ್‌ನಲ್ಲಿ ಟಿಎಫ್‌ಟಿಪಿ (ನೆಟ್‌ವರ್ಕ್‌ನಲ್ಲಿ ಫೈಲ್ ಕಳಿಸುವ ಸರಳ ವಿಧಾನ) ಸರ್ವರ್ ಹಾಕಿ, ಯು-ಬೂಟ್ ನಿರೀಕ್ಷಿಸುವ ಐಪಿ ವಿಳಾಸವನ್ನು ಸ್ಥಿರವಾಗಿ ಕೊಡಿ. ಫೈಲ್ ಹೋಗದಿದ್ದರೆ ಮೊದಲು ಫೈರ್‌ವಾಲ್ ನೋಡಿ, ಯುಡಿಪಿ 69ನೇ ಪೋರ್ಟ್ ತೆರೆದಿರಬೇಕು. ಇನ್ನೊಂದು ತೊಂದರೆ ಇದೆ. ಬೋರ್ಡ್ ರೀಸೆಟ್ ಆದಾಗಲೆಲ್ಲ ಕೇಬಲ್ ಕಿತ್ತಂತೆ ಆಗಿ ಕಂಪ್ಯೂಟರ್ ತನ್ನ ಐಪಿ ವಿಳಾಸವನ್ನೇ ಬಿಟ್ಟುಬಿಡುತ್ತದೆ. ನಡುವೆ ಒಂದು ಸಣ್ಣ ಈಥರ್ನೆಟ್ ಸ್ವಿಚ್ ಇಟ್ಟರೆ ಈ ತಲೆನೋವು ಹೋಗುತ್ತದೆ.

ಈಗ ಓಪನ್‌ವರ್ಟ್ ಸೋರ್ಸ್ ಇಳಿಸಿಕೊಂಡು, ಅದೇ ಚಿಪ್ ಇರುವ ಬೇರೊಂದು ಬೋರ್ಡ್‌ನ ಡಿವೈಸ್ ಟ್ರೀ ಫೈಲನ್ನು ನಕಲು ಮಾಡಿಕೊಳ್ಳಿ. ಹೆಸರು ಬದಲಿಸಿ. ಫ್ಲ್ಯಾಶ್ ವಿಂಗಡಣೆಯ ಭಾಗ ಪೂರ್ತಿ ತೆಗೆದು, ಇಡೀ 16 ಎಂಬಿಗೆ ಒಂದೇ ಪಾರ್ಟಿಶನ್ ಬರೆದು ಅದನ್ನು ರೀಡ್-ಓನ್ಲಿ ಮಾಡಿ. ಫ್ಲ್ಯಾಶ್‌ನ ವೇಗ 10 ಮೆಗಾಹರ್ಟ್ಸ್‌ಗೆ ಇಳಿಸಿ. ಈ ಮೊದಲ ಇಮೇಜ್‌ಗೆ ಕೆಲಸ ಎರಡೇ: ಎದ್ದು ಮಾತಾಡಬೇಕು, ಫ್ಲ್ಯಾಶ್ ಓದಲು ಕೊಡಬೇಕು. ಬರೆಯುವ ದಾರಿ ಕರ್ನಲ್‌ಗೇ ಇಲ್ಲದಿದ್ದರೆ ನಿಮ್ಮ ಕೈಯಿಂದಲೂ ತಪ್ಪಿ ಬರೆಯುವುದು ಸಾಧ್ಯವಿಲ್ಲ, ಅಲ್ವಾ?

ಕಟ್ಟಬೇಕಾದದ್ದು ಇನಿಟ್‌ರ‍್ಯಾಮ್‌ಎಫ್‌ಎಸ್ ಇಮೇಜ್. ಅದರಲ್ಲಿ ಕರ್ನಲ್ ಜೊತೆಗೇ ರೂಟ್ ಫೈಲ್ ಸಿಸ್ಟಮ್ ಕೂಡ ಇರುತ್ತದೆ, ಫ್ಲ್ಯಾಶ್‌ನ ಹಂಗು ಇರುವುದಿಲ್ಲ.

ಒಂದು ಲೋಡ್ ವಿಳಾಸದ ಕಥೆ

ಈ ಎಂಟಿ7628 ರೂಟರ್‌ನಲ್ಲಿ ಇಮೇಜ್ ಸರಿಯಾಗಿ ಇಳಿಯಿತು, ಚೆಕ್‌ಸಮ್ ಸರಿ ಅಂತ ಯು-ಬೂಟ್ ಹೇಳಿತು, ಒತ್ತಿಟ್ಟ (ಕಂಪ್ರೆಸ್ ಮಾಡಿದ) ಕರ್ನಲ್ ಬಿಚ್ಚಲು ಶುರು ಮಾಡಿ ಎಲ್‌ಜೆಡ್‌ಎಂಎ ಎರರ್ 1 ಅಂತ ನಿಂತುಬಿಟ್ಟಿತು. ಬೋರ್ಡನ್ನು ರೀಸೆಟ್ ಮಾಡಬೇಕು ಅಂತ ಮುಂದಿನ ಮಾತು. ಇದು ತುಂಬಾ ಜನರಿಗೆ ಎದುರಾಗುತ್ತದೆ, ಕಾರಣ ಗೊತ್ತಿದ್ದರೆ ಎರಡು ನಿಮಿಷದ ಕೆಲಸ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಇಮೇಜ್‌ನ ತಲೆಯಲ್ಲಿ 64 ಬೈಟ್‌ಗಳ ಒಂದು ಹೆಡರ್ ಇರುತ್ತದೆ. ಅದು 27 05 19 56 ಅನ್ನುವ ನಾಲ್ಕು ಬೈಟ್‌ಗಳಿಂದ ಶುರುವಾಗುತ್ತದೆ. ಹೆಕ್ಸ್ ಎಡಿಟರ್‌ನಲ್ಲಿ ಇದು ಕಂಡರೆ ಅದು ಯು-ಬೂಟ್‌ನ ಇಮೇಜ್ ಅಂತ ಗೊತ್ತಾಗುತ್ತದೆ. ಕರ್ನಲನ್ನು ಎಲ್ಲಿ ಬಿಚ್ಚಿಡಬೇಕು ಅನ್ನುವ ವಿಳಾಸವೂ ಆ ಹೆಡರ್‌ನಲ್ಲಿದೆ. ನಮ್ಮ ಚಿಪ್‌ಗೆ ಅದು 80000000, ಅಂದರೆ ರ‍್ಯಾಮ್‌ನ ಮೊದಲ ಬೈಟ್. ಈ ಯು-ಬೂಟ್ ನೆಟ್‌ವರ್ಕ್‌ನಿಂದ ಬಂದ ಇಮೇಜನ್ನು ಇಟ್ಟುಕೊಂಡದ್ದು 80100000ರಲ್ಲಿ. ಹದಿನಾರರ ಲೆಕ್ಕದಲ್ಲಿ 100000 ಅಂದರೆ 1 ಎಂಬಿ. ಕೆಳಗೆ ಕರ್ನಲ್ ಬಿಚ್ಚುತ್ತಾ ಬಿಚ್ಚುತ್ತಾ 1 ಎಂಬಿ ದಾಟಿತು, ಇನ್ನೂ ಓದಬೇಕಾಗಿದ್ದ ಒತ್ತಿಟ್ಟ ಡೇಟಾದ ಮೇಲೇ ಬಿದ್ದಿತು. ತಾನು ಓದುತ್ತಿದ್ದ ಪುಟವನ್ನು ತಾನೇ ಅಳಿಸಿಕೊಂಡಿತು. ಹಳೆಯ ಫರ್ಮ್‌ವೇರ್‌ನ ಕರ್ನಲ್ ಯಾವತ್ತೂ ಈ ದಾರಿಯಲ್ಲಿ ಬರುವುದಿಲ್ಲ, ಅದು ಫ್ಲ್ಯಾಶ್‌ನಿಂದ ಬೂಟ್ ಆಗುತ್ತದೆ. ಹಾಗಾಗಿ ತಯಾರಕರಿಗೆ ಈ ತೊಂದರೆ ಕಾಣಿಸಿಯೇ ಇರಲಾರದು.

ಪರಿಹಾರ: ಮೆನುವಿನಲ್ಲಿ 4 ಒತ್ತಿ ಕಮಾಂಡ್ ಲೈನ್‌ಗೆ ಹೋಗಿ. ಟಿಎಫ್‌ಟಿಪಿಬೂಟ್ ಕಮಾಂಡ್‌ಗೆ ವಿಳಾಸ 82000000 ಕೊಡಿ, ಆಮೇಲೆ ಅದೇ ವಿಳಾಸಕ್ಕೆ ಬೂಟ್‌ಎಂ ಕಮಾಂಡ್. ಈಗ ನಡುವೆ 32 ಎಂಬಿ ಜಾಗ ಇದೆ. 128 ಎಂಬಿ ರ‍್ಯಾಮ್ 88000000ಕ್ಕೆ ಮುಗಿಯುತ್ತದೆ, ಯು-ಬೂಟ್ ತಾನು ಕೂರುವುದು ಆ ತುದಿಯಲ್ಲಿ, ಆದ್ದರಿಂದ ಅದಕ್ಕೂ ತೊಂದರೆ ಇಲ್ಲ. 64 ಎಂಬಿ ಬೋರ್ಡ್‌ನಲ್ಲೂ 82000000 ನಡೆಯುತ್ತದೆ.

ಎಲ್ಲ ನಿಶ್ಶಬ್ದವಾದರೆ

"ಸ್ಟಾರ್ಟಿಂಗ್ ಕರ್ನಲ್" ಅಂತ ಬಂದು ಆಮೇಲೆ ಏನೂ ಬಾರದೆ ಇರುವುದು ಈ ಕೆಲಸದ ಅತಿ ಸಾಮಾನ್ಯ ಗೋಡೆ. ಕರ್ನಲ್ ಸತ್ತಿದೆ ಅಂತ ತೀರ್ಮಾನಿಸಬೇಡಿ. ಎಷ್ಟೋ ಸಲ ಅದು ಆರಾಮಾಗಿ ಓಡುತ್ತಿರುತ್ತದೆ, ಮಾತು ಮಾತ್ರ ಬೇರೆ ಸೀರಿಯಲ್ ಪೋರ್ಟ್‌ಗೋ ಬೇರೆ ವೇಗಕ್ಕೋ ಹೋಗುತ್ತಿರುತ್ತದೆ. ಕರ್ನಲ್‌ನ ಬೂಟ್ ಸಾಲಿನಲ್ಲಿ ಕನ್ಸೋಲ್ ಟಿಟಿವೈಎಸ್0, 57600 ಅಂತ ಇದೆಯಾ ನೋಡಿ.

ಅದು ಸರಿ ಇದ್ದರೆ ಕರ್ನಲ್ ಸೆಟ್ಟಿಂಗ್‌ನಲ್ಲಿ ಅರ್ಲಿ ಪ್ರಿಂಟ್‌ಕೆ ಆನ್ ಮಾಡಿ, ಎಆರ್‌ಎಂ ಬೋರ್ಡ್ ಆದರೆ ಅರ್ಲಿಕಾನ್. ನಿಜವಾದ ಸೀರಿಯಲ್ ಡ್ರೈವರ್ ಬರುವ ಮೊದಲೇ ಇದು ಅಕ್ಷರ ಹೊರಗೆ ಹಾಕುತ್ತದೆ. ಸ್ವಲ್ಪ ಮಾತಾಡಿ, ಬೂಟ್ ಕನ್ಸೋಲ್ ಮುಚ್ಚುತ್ತಿದ್ದೇನೆ ಅನ್ನುವ ಸಾಲು ಬಂದ ಮೇಲೆ ನಿಂತರೆ ತಪ್ಪು ಸೀರಿಯಲ್ ಡ್ರೈವರ್ ಭಾಗದಲ್ಲಿದೆ. ಕೀಪ್_ಬೂಟ್‌ಕಾನ್ ಅನ್ನುವ ಆಯ್ಕೆಯನ್ನು ಬೂಟ್ ಸಾಲಿಗೆ ಸೇರಿಸಿದರೆ ಹಳೆಯ ದಾರಿ ಮುಚ್ಚದೆ ಉಳಿಯುತ್ತದೆ, ಮುಂದಿನ ಸಂದೇಶಗಳೂ ಕಾಣುತ್ತವೆ.

ಒಂದೂ ಅಕ್ಷರ ಬಾರದಿದ್ದರೆ ಲೋಡ್ ವಿಳಾಸ, ಡಿವೈಸ್ ಟ್ರೀಯಲ್ಲಿ ಬರೆದ ರ‍್ಯಾಮ್ ಗಾತ್ರ, ಚಿಪ್‌ನ ಹೆಸರು, ಈ ಕ್ರಮದಲ್ಲಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ರೂಟ್ ಫೈಲ್ ಸಿಸ್ಟಮ್ ಸಿಗಲಿಲ್ಲ ಅಂತ ಕರ್ನಲ್ ಪ್ಯಾನಿಕ್ ಆದರೆ ಖುಷಿಪಡಿ. ಪ್ರೊಸೆಸರ್, ರ‍್ಯಾಮ್, ಟೈಮರ್, ಇಂಟರಪ್ಟ್, ಸೀರಿಯಲ್ ಎಲ್ಲ ಕೆಲಸ ಮಾಡಿದ ಮೇಲೆಯೇ ಆ ಸಾಲು ಬರಲು ಸಾಧ್ಯ. ಉಳಿದದ್ದು ಚಿಲ್ಲರೆ ಕೆಲಸ.

ಬೋರ್ಡ್ ಚೆನ್ನಾಗಿ ಎದ್ದು, ಒಂದೆರಡು ನಿಮಿಷಕ್ಕೊಮ್ಮೆ ತಾನಾಗಿಯೇ ರೀಸೆಟ್ ಆಗುತ್ತಿದ್ದರೆ ಹೊರಗೆ ಒಂದು ವಾಚ್‌ಡಾಗ್ ಚಿಪ್ (ಸಂಜ್ಞೆ ಬಾರದಿದ್ದರೆ ಬೋರ್ಡ್ ರೀಸೆಟ್ ಮಾಡುವುದು) ಇರಬಹುದು. ಅದಕ್ಕೆ ಒಂದು ಜಿಪಿಐಒ ಪಿನ್ (ಸಾಫ್ಟ್‌ವೇರ್ 0, 1 ಕೊಡಬಲ್ಲ, ಓದಬಲ್ಲ ಪಿನ್) ಮೂಲಕ ಆಗಾಗ ಸಂಜ್ಞೆ ಕೊಡುತ್ತಿರಬೇಕು. ಅದನ್ನೂ ಡಿವೈಸ್ ಟ್ರೀಯಲ್ಲೇ ಬರೆಯಬಹುದು.

ಬ್ಯಾಕಪ್, ಅದರಲ್ಲೂ ಫ್ಯಾಕ್ಟರಿ ಪಾರ್ಟಿಶನ್

ರ‍್ಯಾಮ್‌ನಿಂದ ಶೆಲ್ ಬಂತು ಅಂದಮೇಲೆ ಮೊದಲ ಕೆಲಸ ಇಡೀ ಫ್ಲ್ಯಾಶನ್ನು ಓದಿ ಕಂಪ್ಯೂಟರ್‌ಗೆ ಕಳಿಸುವುದು. ಎರಡು ಸಲ ಓದಿ, ಎರಡರ ಎಸ್‌ಎಚ್‌ಎ256 ಮೊತ್ತ ಒಂದೇ ಇದೆಯಾ ನೋಡಿ. ಬೇರೆ ಬೇರೆ ಬಂದರೆ ಫ್ಲ್ಯಾಶ್ ವೇಗ ಇನ್ನೂ ಕಡಿಮೆ ಮಾಡಿ ಮತ್ತೆ ಓದಿ. ಎರಡು ಕಡೆ ಉಳಿಸಿ.

ಫರ್ಮ್‌ವೇರನ್ನು ಬೇರೆಡೆಯಿಂದ ತರಬಹುದು. ಬೂಟ್‌ಲೋಡರ್ ಕೂಡ ಅದೇ ಮಾದರಿಯ ಇನ್ನೊಂದು ರೂಟರ್‌ನಿಂದ ಸಿಗಬಹುದು. ಫ್ಯಾಕ್ಟರಿ ಪಾರ್ಟಿಶನ್ ಮಾತ್ರ ಆ ಒಂದು ಸಾಧನಕ್ಕೇ ಸೇರಿದ್ದು. ಕಾರ್ಖಾನೆಯಲ್ಲಿ ಆ ಬೋರ್ಡ್‌ನ ರೇಡಿಯೋವನ್ನು ಅಳೆದು ಬರೆದ ವೈಫೈ ಕ್ಯಾಲಿಬ್ರೇಶನ್ ಅದರಲ್ಲಿರುತ್ತದೆ, ಮ್ಯಾಕ್ ವಿಳಾಸಗಳೂ (ನೆಟ್‌ವರ್ಕ್‌ನಲ್ಲಿ ಸಾಧನದ ಗುರುತಿನ ಸಂಖ್ಯೆ) ಅಲ್ಲೇ. ಅದು ಹೋದರೆ ಮತ್ತೆ ಹುಟ್ಟಿಸಲು ಆಗುವುದಿಲ್ಲ. ಇನ್ನೊಂದು ರೂಟರ್‌ನ ಡೇಟಾ ಹಾಕಿದರೆ ವೈಫೈ ಎದ್ದರೂ ಸಿಗ್ನಲ್ ದುರ್ಬಲವಾಗಬಹುದು, ಅಥವಾ ಕಾನೂನು ಒಪ್ಪುವುದಕ್ಕಿಂತ ಜಾಸ್ತಿ ಶಕ್ತಿಯಲ್ಲಿ ರೇಡಿಯೋ ಕೂಗಬಹುದು.

ಈ ಚಿಪ್‌ನಲ್ಲಿ ಫ್ಯಾಕ್ಟರಿ ಪಾರ್ಟಿಶನ್ ಸಾಮಾನ್ಯವಾಗಿ ಹದಿನಾರರ ಲೆಕ್ಕದ 40000ದಿಂದ ಶುರು, ಗಾತ್ರ 64 ಕೆಬಿ. ಬ್ಯಾಕಪ್ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ತೆರೆದು ಅಲ್ಲಿಗೆ ಹೋಗಿ. ಮೊದಲ ಎರಡು ಬೈಟ್ 28 76 ಇರಬೇಕು. ತಿರುಗಿಸಿ ಓದಿದರೆ 7628, ಚಿಪ್‌ನ ಹೆಸರೇ. ಲಿನಕ್ಸ್‌ನ ವೈಫೈ ಡ್ರೈವರ್ ಕೂಡ ಇದೇ ಎರಡು ಬೈಟ್ ನೋಡಿ ಡೇಟಾ ಸರಿ ಇದೆಯಾ ಅಂತ ತೀರ್ಮಾನಿಸುತ್ತದೆ. ಆರಂಭದಿಂದ ನಾಲ್ಕು ಬೈಟ್ ಬಿಟ್ಟು ಮುಂದೆ ಆರು ಬೈಟ್ ವೈಫೈನ ಮ್ಯಾಕ್ ವಿಳಾಸ. ರೂಟರ್‌ನ ತಳದ ಚೀಟಿಯ ಜೊತೆ ಹೋಲಿಸಿ. ಸರಿಹೊಂದಿತಾ? ಹಾಗಾದರೆ ನಿಮ್ಮ ಬ್ಯಾಕಪ್ ನಿಜಕ್ಕೂ ಸರಿಯಾಗಿದೆ. ವೈರ್ ಪೋರ್ಟ್‌ಗಳ ವಿಳಾಸ ಸಾಮಾನ್ಯವಾಗಿ ಹದಿನಾರರ ಲೆಕ್ಕದ 28ನೇ ಬೈಟ್‌ನಲ್ಲಿ ಇರುತ್ತದೆ.

ಡಿವೈಸ್ ಟ್ರೀ ತುಂಬಿಸುವುದು

ಈಗ ವಿಂಗಡಣೆ ಸರಿಯಾಗಿ ಬರೆಯಿರಿ. ಹಳೆಯ ಲಾಗ್‌ನಲ್ಲಿ ಇದ್ದ ಪಟ್ಟಿಯೇ ಆಧಾರ. ನಮ್ಮ ಬೋರ್ಡ್‌ನಲ್ಲಿ ಮೊದಲ 192 ಕೆಬಿ ಬೂಟ್‌ಲೋಡರ್, ಆಮೇಲೆ 64 ಕೆಬಿ ಅದರ ಸೆಟ್ಟಿಂಗ್, ಆಮೇಲೆ 64 ಕೆಬಿ ಫ್ಯಾಕ್ಟರಿ, ಹದಿನಾರರ ಲೆಕ್ಕದ 50000ದಿಂದ ಮುಂದೆ ಪೂರ್ತಿ ಫರ್ಮ್‌ವೇರ್. ಬೂಟ್‌ಲೋಡರ್ ಮತ್ತು ಫ್ಯಾಕ್ಟರಿ ಎರಡಕ್ಕೂ ರೀಡ್-ಓನ್ಲಿ ಗುರುತು ಕಡ್ಡಾಯವಾಗಿ ಇರಲಿ. ವೈಫೈ ಭಾಗಕ್ಕೆ ಕ್ಯಾಲಿಬ್ರೇಶನ್ ಎಲ್ಲಿದೆ ಅಂತ ಹೇಳಿ. ಫ್ಲ್ಯಾಶ್ ವೇಗವನ್ನು ಮೆಲ್ಲಗೆ ಏರಿಸಿ, 40 ಮೆಗಾಹರ್ಟ್ಸ್ ಸಾಕಷ್ಟು.

ಎಲ್‌ಇಡಿ ಮತ್ತು ಬಟನ್ ಹುಡುಕುವುದು ನನಗೆ ಬಲು ಪ್ರೀತಿಯ ಕೆಲಸ. ಬಟನ್‌ಗೆ: ಡೀಬಗ್ ಫೈಲ್ ಸಿಸ್ಟಮ್‌ನ ಜಿಪಿಐಒ ಪಟ್ಟಿಯನ್ನು ಒಮ್ಮೆ ನೋಡಿ, ಬಟನ್ ಒತ್ತಿ ಹಿಡಿದು ಮತ್ತೊಮ್ಮೆ ನೋಡಿ. ಬದಲಾದ ಸಾಲೇ ನಿಮ್ಮ ಪಿನ್. ಎಲ್‌ಇಡಿಗೆ: ಒಂದೊಂದೇ ಪಿನ್ನನ್ನು ಔಟ್‌ಪುಟ್ ಮಾಡಿ 0, 1 ಕೊಟ್ಟು ಮುಂಭಾಗ ನೋಡಿ. ಫ್ಲ್ಯಾಶ್‌ಗೆ ಹೋಗುವ ಪಿನ್‌ಗಳನ್ನು ಮಾತ್ರ ಮುಟ್ಟಬೇಡಿ. 0 ಕೊಟ್ಟಾಗ ಹತ್ತಿದರೆ ಅದು ಆಕ್ಟಿವ್ ಲೋ, ಹೆಚ್ಚಿನವು ಹಾಗೇ ಇರುತ್ತವೆ.

ಸಂಖ್ಯೆ ಸರಿ ಇದ್ದೂ ಎಲ್‌ಇಡಿ ಹತ್ತದಿದ್ದರೆ ಪಿನ್‌ಮಕ್ಸ್ (ಪಿನ್‌ಗೆ ಯಾವ ಕೆಲಸ ಅಂತ ಆರಿಸುವ ಸೆಟ್ಟಿಂಗ್) ನೋಡಿ. ಈ ಚಿಪ್‌ನಲ್ಲಿ ಒಂದೇ ಪಿನ್‌ಗೆ ಎರಡು ಮೂರು ಕೆಲಸ. 44ನೇ ಪಿನ್ ವೈಫೈ ಎಲ್‌ಇಡಿ ಗುಂಪಿಗೆ ಸೇರಿದ್ದು, ಆ ಗುಂಪನ್ನು ಜಿಪಿಐಒ ಕೆಲಸಕ್ಕೆ ಬದಲಿಸದಿದ್ದರೆ ನೀವು ಕೊಟ್ಟ 0, 1 ಎರಡೂ ಅದಕ್ಕೆ ಕೇಳಿಸುವುದೇ ಇಲ್ಲ.

ಕೊನೆಗೆ ಈಥರ್ನೆಟ್. ಒಳಗಿನ ಸ್ವಿಚ್‌ನ ಸಂಖ್ಯೆಗೂ ಹೊರಗೆ ಬರೆದ ಸಂಖ್ಯೆಗೂ ಹೊಂದಿಕೆ ಇರುವುದಿಲ್ಲ. ಪ್ರತಿ ಸಾಕೆಟ್‌ಗೆ ಕೇಬಲ್ ಹಾಕಿ, ಯಾವ ಪೋರ್ಟ್ ಎದ್ದಿತು ನೋಡಿ ಬರೆದಿಟ್ಟುಕೊಳ್ಳಿ.

ಈಗ ಫ್ಲ್ಯಾಶ್

ವೈಫೈ, ಎಲ್ಲ ಪೋರ್ಟ್, ಬಟನ್, ಎಲ್‌ಇಡಿ ರ‍್ಯಾಮ್‌ನಿಂದಲೇ ಸರಿಯಾಗಿ ಓಡಿದ ಮೇಲೆ ಸಿಸ್‌ಅಪ್‌ಗ್ರೇಡ್ (ಫ್ಲ್ಯಾಶ್‌ಗೆ ಬರೆಯುವ ಓಪನ್‌ವರ್ಟ್ ಕಮಾಂಡ್) ಇಮೇಜ್ ಕಟ್ಟಿ. ಇನಿಟ್‌ರ‍್ಯಾಮ್‌ಎಫ್‌ಎಸ್ ಓಡುತ್ತಿರುವಾಗ ಇಮೇಜನ್ನು ಬೋರ್ಡ್‌ನ ಟೆಂಪ್ ಡೈರೆಕ್ಟರಿಗೆ ಕಳಿಸಿ ಅಲ್ಲಿಂದಲೇ ಸಿಸ್‌ಅಪ್‌ಗ್ರೇಡ್ ಓಡಿಸಿ. ಯು-ಬೂಟ್‌ನ 2ನೇ ಆಯ್ಕೆಗಿಂತ ನನಗೆ ಇದೇ ಇಷ್ಟ. ಇಮೇಜ್ ಒಳಗಿನ ಬೋರ್ಡ್ ಹೆಸರು ಓಡುತ್ತಿರುವ ಬೋರ್ಡ್‌ಗೆ ಹೊಂದದಿದ್ದರೆ ಅದು ಬರೆಯಲು ಒಪ್ಪುವುದಿಲ್ಲ. ಬರೆಯುವುದೂ ಫರ್ಮ್‌ವೇರ್ ಪಾರ್ಟಿಶನ್‌ಗೆ ಮಾತ್ರ.

ಆಮೇಲೆ ಎರಡು ರೀತಿ ಪರೀಕ್ಷಿಸಿ: ಕರೆಂಟ್ ತೆಗೆದು ಹಾಕುವುದು, ರೀಬೂಟ್ ಕಮಾಂಡ್ ಕೊಡುವುದು. ಎರಡೂ ಒಂದೇ ಅಲ್ಲ. ಮೂರು ಬೈಟ್‌ನ ವಿಳಾಸದಲ್ಲಿ ತಲುಪಬಹುದಾದದ್ದು 16 ಎಂಬಿ ತನಕ ಮಾತ್ರ. 32 ಎಂಬಿ ಫ್ಲ್ಯಾಶ್ ಇದ್ದರೆ ಲಿನಕ್ಸ್ ಚಿಪ್ಪನ್ನು ನಾಲ್ಕು ಬೈಟ್ ಮೋಡ್‌ಗೆ ಬದಲಿಸಬಹುದು. ರೀಬೂಟ್ ಆದಾಗ ಫ್ಲ್ಯಾಶ್ ಚಿಪ್‌ಗೆ ರೀಸೆಟ್ ತಲುಪದಿದ್ದರೆ ಅದು ಅದೇ ಮೋಡ್‌ನಲ್ಲಿ ಉಳಿಯುತ್ತದೆ, ಮೂರು ಬೈಟ್ ಮಾತ್ರ ಗೊತ್ತಿರುವ ಸಾಧನ ಎದ್ದೇಳುವುದಿಲ್ಲ. ಕರೆಂಟ್ ತೆಗೆದು ಹಾಕಿದರೆ ಎಲ್ಲ ಸರಿ. ಇದಕ್ಕೆ ಡಿವೈಸ್ ಟ್ರೀಯಲ್ಲಿ ಬ್ರೋಕನ್-ಫ್ಲ್ಯಾಶ್-ರೀಸೆಟ್ ಅನ್ನುವ ಗುರುತು ಇದೆ.

ರೂಟರ್ ಅಲ್ಲದ ಸಾಧನಗಳು

ಮೊದಲು ರ‍್ಯಾಮ್, ಆಮೇಲೆ ಫ್ಲ್ಯಾಶ್ ಅನ್ನುವ ಕ್ರಮ ಬೇರೆ ಕಡೆಯೂ ಹಾಗೇ ನಡೆಯುತ್ತದೆ, ಬಾಗಿಲು ಮಾತ್ರ ಬೇರೆ. ಹಳೆಯ ಆಂಡ್ರಾಯ್ಡ್ ಫೋನ್‌ಗೆ 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಓಎಸ್ ಇದೆ. ಅನೇಕ ಫೋನ್‌ಗಳಲ್ಲಿ ಫಾಸ್ಟ್‌ಬೂಟ್‌ನ ಬೂಟ್ ಕಮಾಂಡ್ ಕರ್ನಲನ್ನು ಬರೆಯದೆಯೇ ಓಡಿಸಿ ತೋರಿಸುತ್ತದೆ. ಆಲ್‌ವಿನ್ನರ್ ಚಿಪ್‌ಗಳಲ್ಲಿ ಫೆಲ್ ಮೋಡ್, ರಾಕ್‌ಚಿಪ್‌ನಲ್ಲಿ ಮಾಸ್ಕ್‌ರಾಮ್ ಮೋಡ್. ಎರಡೂ ಚಿಪ್ಪಿನೊಳಗಿನ ಅಳಿಸಲಾಗದ ಮೆಮೊರಿಯಲ್ಲೇ (ಆರ್‌ಒಎಂ) ಇರುವುದರಿಂದ ಫ್ಲ್ಯಾಶ್ ಖಾಲಿಯಾದರೂ ಯುಎಸ್‌ಬಿ ಮೂಲಕ ಜೀವ ತುಂಬಬಹುದು. ಆಲ್‌ವಿನ್ನರ್ ಬೋರ್ಡ್ ಎಸ್‌ಡಿ ಕಾರ್ಡ್‌ನ ಆರಂಭದಿಂದ 8 ಕೆಬಿ ಬಿಟ್ಟು ಬೂಟ್‌ಲೋಡರ್ ಹುಡುಕುತ್ತದೆ, ರಾಕ್‌ಚಿಪ್ 32 ಕೆಬಿ ಬಿಟ್ಟು.

ರ‍್ಯಾಮ್ ಕೆಬಿ ಲೆಕ್ಕದಲ್ಲಿರುವ ಮೈಕ್ರೋಕಂಟ್ರೋಲರ್‌ಗೆ ಲಿನಕ್ಸ್ ಬೇಡ, ಜೆಫಿರ್ ಅಥವಾ ನಟ್‌ಎಕ್ಸ್ ಅನ್ನುವ ಪುಟ್ಟ ಆಪರೇಟಿಂಗ್ ಸಿಸ್ಟಮ್ ನೋಡಿ. ಜೆಫಿರ್‌ನಲ್ಲೂ ಡಿವೈಸ್ ಟ್ರೀಯೇ, ಆದರೆ ಅದು ಕಂಪೈಲ್ ಆಗುವಾಗಲೇ ಸಿ ಮ್ಯಾಕ್ರೋಗಳಾಗಿ ಕರಗಿಹೋಗುತ್ತದೆ.

ಮೂಲ ಯೋಜನೆಗೆ ಕಳಿಸುವುದು

ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿದ ಪೋರ್ಟ್ ಮುಂದಿನ ಕರ್ನಲ್ ಆವೃತ್ತಿ ಬಂದಾಗ ಹಾಳಾಗುತ್ತದೆ. ಮೂಲ ಯೋಜನೆಗೆ ಸೇರಿದರೆ ಉಳಿಯುತ್ತದೆ, ಅದೇ ರೂಟರ್ ಇರುವ ಬೇರೆಯವರಿಗೂ ಸಿಗುತ್ತದೆ. ಆದ್ದರಿಂದ ಕೆಲಸ ಮುಗಿಯುವುದು ಪ್ಯಾಚ್ (ಮಾಡಿದ ಬದಲಾವಣೆಗಳ ಫೈಲ್) ಕಳಿಸಿದ ಮೇಲೆಯೇ ಅನ್ನುವುದು ನನ್ನ ಲೆಕ್ಕ. ಒಂದು ಬೋರ್ಡ್‌ಗೆ ಒಂದು ಕಮಿಟ್ (ವಿವರಣೆ ಸಮೇತ ದಾಖಲಿಸಿದ ಬದಲಾವಣೆ) ಇರಲಿ. ಕೊನೆಯಲ್ಲಿ ಸೈನ್ಡ್-ಆಫ್-ಬೈ ಸಾಲು ಬೇಕು, ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ಹೇಳುವ ಸಾಲು ಅದು.

ಪರಿಶೀಲಿಸುವವರು ಎಲ್‌ಇಡಿಯ ಹೆಸರು, ಖಾಲಿ ಜಾಗ, ಸಾಲುಗಳ ಕ್ರಮದ ಬಗ್ಗೆ ಕೇಳುತ್ತಾರೆ. ಕಿರಿಕಿರಿ ಮಾಡಿಕೊಳ್ಳಬೇಡಿ, ಅವರು ನೂರಾರು ಬೋರ್ಡ್‌ಗಳನ್ನು ಒಟ್ಟಿಗೆ ನಿಭಾಯಿಸಬೇಕು. ಹೇಳಿದ್ದನ್ನು ಸರಿಪಡಿಸಿ, ಮತ್ತೆ ಬೋರ್ಡ್ ಮೇಲೆ ಓಡಿಸಿ ನೋಡಿ, ಆಮೇಲೆ ಕಳಿಸಿ. ಓಡಿಸದೆ ಸುಮ್ನೆ ಕಳಿಸುವುದು ಬೇಡ.

ಕಮಿಟ್ ಸಂದೇಶ ಬರೆಯಲು ಸಮಯ ಕೊಡಿ. ಚಿಪ್, ರ‍್ಯಾಮ್, ಫ್ಲ್ಯಾಶ್ ಗಾತ್ರ, ಸೀರಿಯಲ್ ಪಿನ್‌ಗಳ ಕ್ರಮ ಮತ್ತು ವೇಗ, ಯಾವ ಮ್ಯಾಕ್ ವಿಳಾಸ ಎಲ್ಲಿದೆ ಅನ್ನುವ ಪಟ್ಟಿ, ಹಾಕುವ ವಿಧಾನ ಹಂತ ಹಂತವಾಗಿ. ಲೋಡ್ ವಿಳಾಸ 82000000 ಕೊಡಬೇಕು ಅನ್ನುವಂಥ ವಿಷಯ ಖಂಡಿತ ಬರೆಯಿರಿ, ಮುಂದಿನವರ ಒಂದು ಸಂಜೆ ಉಳಿಯುತ್ತದೆ. ತಯಾರಕರ ಫರ್ಮ್‌ವೇರ್‌ಗೆ ವಾಪಸ್ ಹೋಗುವುದು ಹೇಗೆ ಅನ್ನುವುದನ್ನೂ ಸೇರಿಸಿ. ಅದನ್ನು ಬರೆಯುವ ಮೊದಲು ನಿಮ್ಮ ಬ್ಯಾಕಪ್‌ನಿಂದ 50000ದ ನಂತರದ ಭಾಗ ಕತ್ತರಿಸಿ, ಒಮ್ಮೆ ಹಾಕಿ, ಹಳೆಯ ಲಾಗಿನ್ ಪುಟ ಬರುತ್ತದಾ ನೋಡಿಕೊಳ್ಳಿ.